ಎಚ್ಚರವಾಗಲು ತಡವಾಗಿತ್ತೇ?

ಹೊಟ್ಟೆನೋವೆಂದು ಒದ್ದಾಡುವ ಹುಡುಗನನ್ನು ಅರಕಲಗೂಡಿನ ಕಡೆಯಿಂದ ರಾತ್ರೋರಾತ್ರಿ ಹಾಸನಕ್ಕೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಅಪೆಂಡಿಕ್ಸ್ ಆಪರೇಷನ್ ತಕ್ಷಣ ಆಗಬೇಕು. ಅರಿವಳಿಕೆ ವೈದ್ಯರು ಬಂದು ಕೇಳುತ್ತಾರೆ: 'ಊಟ ಎಷ್ಟು ಹೊತ್ತಿಗಾಯಿತು? ಹಿಂದೆ ಆಪರೇಷನ್ ಆಗಿತ್ತೇ? ಮನೆಯಲ್ಲಿ ಯಾರಿಗಾದರೂ ಮತ್ತು ಕೊಟ್ಟಾಗ ತೊಂದರೆಯಾಗಿತ್ತೇ?' ಮೊದಲೆರಡಕ್ಕೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ, 'ಅಂಥದ್ದೇನಿಲ್ಲ, ಬೇಗ ಮಾಡಿ ಸಾರ್' ಎನ್ನುವವರೇ ಹೆಚ್ಚು. ಆ ಮೂರನೆಯ ಪ್ರಶ್ನೆಯ ಬಗ್ಗೆಯೇ ಈ ವಾರ ನಾಲ್ಕು ಮಾತು.

ಹೊಟ್ಟೆಯ ಸ್ನಾಯು ಬಿಗಿಯಾಗಿದ್ದರೆ ಶಸ್ತ್ರವೈದ್ಯರ ಕೈ ಆಡುವುದಿಲ್ಲ. ಗಂಟಲು ಬಿಗಿದಿದ್ದರೆ ಉಸಿರಿನ ನಳಿಕೆ ಇಳಿಸುವುದು ಕಷ್ಟ. ಹಿಂದೆ ಇದಕ್ಕಾಗಿ ಈಥರನ್ನು ಅಪಾಯದ ಮಟ್ಟದವರೆಗೆ ಕೊಡಬೇಕಾಗುತ್ತಿತ್ತು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ವಿಷ ಇದಕ್ಕೆ ದಾರಿ ತೋರಿಸಿತು. 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ರೋಗಿಯೊಬ್ಬರಿಗೆ ಅದನ್ನು ಕೊಟ್ಟು ಯಶಸ್ವಿಯಾದರು.

ಒಂದು ಮಾತು ನೆನಪಿರಲಿ. ಸ್ನಾಯು ಸಡಿಲಿಸುವ ಮದ್ದು ನಿದ್ದೆ ಬರಿಸುವುದಿಲ್ಲ, ನೋವನ್ನೂ ಕಳೆಯುವುದಿಲ್ಲ. ಉಸಿರಾಟದ ಸ್ನಾಯುಗಳೂ ಅದಕ್ಕೆ ಸೋಲುತ್ತವೆ. ಆದ್ದರಿಂದ ನಿದ್ದೆಗೆ ಬೇರೆ ಮದ್ದು ಕೊಟ್ಟು, ರೋಗಿಯ ಪರವಾಗಿ ಉಸಿರಾಡಿಸುವ ಹೊಣೆಯನ್ನು ಅರಿವಳಿಕೆ ವೈದ್ಯರೇ ಹೊರುತ್ತಾರೆ.

ಈ ಮದ್ದುಗಳಲ್ಲಿ ಸಕ್ಸಿನೈಲ್‌ಕೋಲಿನ್ ಎಂಬುದು 1951ರ ಸುಮಾರಿಗೆ ಬಳಕೆಗೆ ಬಂತು. ಒಂದು ನಿಮಿಷದೊಳಗೆ ಹಿಡಿಯುತ್ತದೆ, ಸುಮಾರು ಹತ್ತು ನಿಮಿಷದೊಳಗೆ ಬಿಡುತ್ತದೆ. ಹೊಟ್ಟೆ ತುಂಬಿರುವಾಗ ಬಂದ ತುರ್ತು ರೋಗಿಗೆ ಅನುಕೂಲ. ಆಪರೇಷನ್ ಮಾರನೆಯ ದಿನ ಕೆಲವರಿಗೆ ಮೈಕೈ ನೋಯುವುದೂ ಇದರಿಂದಲೇ. ಇದನ್ನು ಒಡೆದುಹಾಕುವುದು ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಒಂದು ಕಿಣ್ವ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಇರುವುದಿಲ್ಲ. ಅಂಥವರಲ್ಲಿ ಹತ್ತು ನಿಮಿಷದ ಮದ್ದು ಗಂಟೆಗಟ್ಟಲೆ ಬಿಡುವುದಿಲ್ಲ. ನಿದ್ದೆಯ ಮದ್ದು ನಿಲ್ಲಿಸಿದರೆ ರೋಗಿಗೆ ಎಚ್ಚರವಾಗುತ್ತದೆ, ಮಾತು ಕೇಳಿಸುತ್ತದೆ, ಆದರೆ ರೆಪ್ಪೆ ಎತ್ತಲಾಗದು, ಉಸಿರೆಳೆಯಲಾಗದು. ವಿಷಯ ಗೊತ್ತಾದರೆ ಚಿಕಿತ್ಸೆ ಸರಳ: ನಿದ್ದೆ ಮುಂದುವರಿಸಿ, ಮದ್ದು ಇಳಿಯುವವರೆಗೆ ವೆಂಟಿಲೇಟರ್‌ನಲ್ಲಿ ಇಡುವುದು. ಗೊತ್ತಾಗದಿದ್ದರೆ ಅಪಾಯ.

ಈ ಕೊರತೆ ಯಾರಲ್ಲಿಯೂ ಇರಬಹುದು. ಆದರೆ ನಮ್ಮ ಪೇಟೆಬೀದಿಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವ ಆರ್ಯವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯೊಂದನ್ನು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ 2006ರಲ್ಲಿ ವರದಿ ಮಾಡಿದರು. ಇದು ರೋಗವಲ್ಲ, ಕಳಂಕವಂತೂ ಅಲ್ಲ. ದಿನನಿತ್ಯದ ಬದುಕಿಗೆ ಇದರಿಂದ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪೂರ್ಣ ಕೊರತೆ ಕಾಣುವುದರಿಂದ, ಸೋದರಿಕೆಯಲ್ಲಿ ಮದುವೆಯಾಗುವ ಮನೆಗಳಲ್ಲಿ ಸಾಧ್ಯತೆ ಹೆಚ್ಚು.

ರೈತರಿಗೂ ಒಂದು ಮಾತು. ಆರ್ಗನೋಫಾಸ್ಫರಸ್ ಕೀಟನಾಶಕಗಳು ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ಇತ್ತೀಚೆಗೆ ಅಂಥ ಔಷಧಿ ಸಿಂಪಡಿಸಿದ್ದರೆ, ಅಥವಾ ಅದು ಹೊಟ್ಟೆಗೆ ಹೋಗಿದ್ದರೆ, ಮುಚ್ಚಿಡದೆ ಹೇಳಿ.

ಹೊಳೆನರಸೀಪುರದಲ್ಲಿ ಹೆರಿಗೆ ಆಪರೇಷನ್ ಆದ ಚಿಕ್ಕಮ್ಮನಿಗೋ, ಚನ್ನರಾಯಪಟ್ಟಣದಲ್ಲಿ ಹರ್ನಿಯಾ ಆಪರೇಷನ್ ಆದ ಮಾವನಿಗೋ 'ಎಚ್ಚರವಾಗಲು ಬಹಳ ತಡವಾಯಿತಂತೆ' ಎಂಬ ಮಾತು ಮನೆಯಲ್ಲಿ ಇದ್ದರೆ ಅದನ್ನು ಹಾಸನದ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿ. ಹಳೆಯ ಚೀಟಿ ಇದ್ದರೆ ತೋರಿಸಿ. ಕಿಣ್ವದ ಮಟ್ಟ ಅಳೆಯಲು ರಕ್ತಪರೀಕ್ಷೆ ಇದೆ. ಅಷ್ಟಕ್ಕೆ ವ್ಯವಧಾನವಿಲ್ಲದಿದ್ದರೂ ಚಿಂತೆಯಿಲ್ಲ, ಈ ಕಿಣ್ವವನ್ನು ನೆಚ್ಚದ ರೋಕುರೋನಿಯಂನಂಥ ಮದ್ದುಗಳಿವೆ. ಯಾವುದನ್ನು ಕೊಡಬೇಕೆಂಬುದು ವೈದ್ಯರಿಗೆ ಗೊತ್ತು. ನಿಮ್ಮ ಚಿಕ್ಕಮ್ಮನ ಕತೆ ಗೊತ್ತಿರುವುದು ನಿಮಗೆ ಮಾತ್ರ.