ಬೆಣ್ಣೆ ದೋಸೆ ಊರಲ್ಲಿ ಮನಾಕೀಶ್

ದಾವಣಗೆರೆಯಲ್ಲಿ ಬೆಳಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ-ಮಿರ್ಚಿ. ಇದರ ಮಧ್ಯೆ ಲೆಬನಾನ್ ರೊಟ್ಟಿಗೆ ಏನು ಕೆಲಸ ಅಂತ ಕೇಳ್ತೀರಾ? ನಮ್ಮವ್ವನೂ ಅದನ್ನೇ ಕೇಳಿದ್ಲು.

ಕಾರಣ ನಮ್ಮಣ್ಣ. ಆರು ವರ್ಷ ಶಾರ್ಜಾದಲ್ಲಿದ್ದು, ಸಂಕ್ರಾಂತಿ ಹೊತ್ತಿಗೆ ಹರಿಹರಕ್ಕೆ ವಾಪಸ್ ಬಂದ. ‘ಕೆಲಸ ಹೋಯ್ತು’ ಅಂದ, ಮುಂದೆ ಮಾತಿಲ್ಲ. ನಾನು ಬೆಳಗ್ಗೆ ದಾವಣಗೆರೆ ಆಫೀಸಿಗೆ ಬಸ್ ಹಿಡಿಯೋ ಹೊತ್ತಿಗೆ ಮಲಗಿರುತ್ತಿದ್ದ. ಸಂಜೆ ಬಂದಾಗ ಮೊಬೈಲ್ ಹಿಡಿದು ಕೂತಿರುತ್ತಿದ್ದ. ಊಟಕ್ಕೆ ಕರೆದರೆ ‘ಹಸಿವಿಲ್ಲ’. ಒಂದಿನ ಮಾತ್ರ, ಅವ್ವ ರೊಟ್ಟಿ ತಟ್ಟೋದನ್ನ ನೋಡ್ತಾ, ‘ಅಲ್ಲಿ ನಮ್ಮ ರೂಮಿನ ಕೆಳಗೆ ಮನಾಕೀಶ್ ಅಂಗಡಿ ಇತ್ತು’ ಅಂದ. ನನಗೆ ಅಷ್ಟು ಸಾಕಾಯ್ತು.

ಮನಾಕೀಶ್ ಅಂದ್ರೆ ಹುದುಗಿಸಿದ ಮೈದಾ ಹಿಟ್ಟಿನ ರೊಟ್ಟಿ, ಮೇಲೆ ಜಾತರ್ ಅಥವಾ ಚೀಸ್. ಒಣಗಿಸಿದ ಥೈಮ್ ಜಾತಿಯ ಸೊಪ್ಪು, ಹುರಿದ ಎಳ್ಳು, ಸುಮಾಕ್ ಅನ್ನೋ ಹುಳಿ ಹಣ್ಣಿನ ಪುಡಿ, ಉಪ್ಪು ಸೇರಿದ್ರೆ ಜಾತರ್. ಅದನ್ನ ಆಲಿವ್ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ, ನಾವು ಗುರೆಳ್ಳು ಚಟ್ನಿಪುಡಿಗೆ ಎಣ್ಣೆ ಹಾಕಿ ರೊಟ್ಟಿಗೆ ಹಚ್ಕೊಂಡ ಹಾಗೆ. ರೊಟ್ಟಿ ಮೇಲೆ ಬೆರಳ ತುದಿಯಿಂದ ಗುಳಿ ಒತ್ತುತ್ತಾರೆ, ಎಣ್ಣೆ ನಿಲ್ಲಲಿ ಅಂತ. ಹೆಸರು ಬಂದಿರೋದೂ ಅರಬ್ಬಿಯ ‘ಕೆತ್ತು’ ಅನ್ನೋ ಮಾತಿನಿಂದ. ಹಿಂದೆ ಹೆಂಗಸರು ಮನೆಯಲ್ಲೇ ಕಲಸಿ ಓಣಿಯ ಒಲೆಗೆ ಒಯ್ದು ಸುಡಿಸಿಕೊಂಡು ಬರ್ತಿದ್ರು, ನಾವು ಗಿರಣಿಗೆ ಜೋಳ ಒಯ್ದಂಗೆ. 2023ರಲ್ಲಿ ಯುನೆಸ್ಕೋ ಇದನ್ನ ಲೆಬನಾನಿನ ಪರಂಪರೆ ಅಂತ ಪಟ್ಟಿಗೆ ಸೇರಿಸಿದೆ.

ಥೈಮ್‌ಗೆ ಎಲ್ಲಿಗೆ ಹೋಗೋದು? ಹಿತ್ತಲಲ್ಲಿ ದೊಡ್ಡಪತ್ರೆ ಇತ್ತಲ್ಲ! ಓರೆಗಾನೊದಲ್ಲಿರೋ ಕಾರ್ವಕ್ರಾಲ್ ಅನ್ನೋ ಘಾಟು ಅಂಶ ಇದರಲ್ಲೂ ಇದೆ. ಥೈಮ್‌ನ ಥೈಮಾಲ್ ನಮ್ಮ ಓಂಕಾಳಿನಲ್ಲೂ ಇದೆ. ದೊಡ್ಡಪತ್ರೆ ಎಲೆ ದಪ್ಪ, ನೀರು ಜಾಸ್ತಿ. ಅದಕ್ಕೆ ಹರಿದು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಕೊನೆಗೆ ಬೆಚ್ಚಗಿನ ಹಂಚಿನ ಮೇಲೆ ಗರಿಗರಿ ಮಾಡಿಕೊಂಡೆ. ಎರಡು ಚಮಚ ಈ ಪುಡಿ, ಒಂದು ಚಮಚ ಹುರಿದ ಬಿಳಿ ಎಳ್ಳು, ಅರ್ಧ ಚಮಚ ಆಮ್‌ಚೂರ್, ಚಿಟಿಕೆ ಓಂಕಾಳು, ಉಪ್ಪು. ಇದು ಜಾತರ್ ಅಲ್ಲ, ಒಪ್ಕೋತೀನಿ. ಆದ್ರೆ ರುಚಿಗೆ ಮೋಸ ಇಲ್ಲ.

ಹಿಟ್ಟಿಗೆ ಅರ್ಧ ಕೆಜಿ ಮೈದಾ, ಒಂದೂವರೆ ಚಮಚ ಇನ್‌ಸ್ಟಂಟ್ ಈಸ್ಟ್, ಒಂದು ಚಮಚ ಸಕ್ಕರೆ, ಒಂದೂವರೆ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 300 ಎಂಎಲ್ ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ನಾದಿ ಮುಚ್ಚಿಡಿ. ನಮ್ಮ ಬಿಸಿಲಿಗೆ ಮುಕ್ಕಾಲು ಗಂಟೆಗೇ ಉಬ್ಬುತ್ತೆ. ಆರೇಳು ಉಂಡೆ ಆಗುತ್ತೆ.

ಭಾನುವಾರ ಮೊದಲನೇದು ಹಾಕಿದೆ. ಓವನ್ ಇಲ್ಲ, ಅವ್ವನ ಕಬ್ಬಿಣದ ಹಂಚು. ಬೇಗ ಆಗಲಿ ಅಂತ ಜೋರು ಉರಿ ಇಟ್ಟೆ. ತಳ ಕರಕಲು, ಮೇಲೆ ಹಸಿ. ತಿರುವಿ ಹಾಕಿದ್ರೆ ಸೊಪ್ಪು ಸುಟ್ಟು ಕಹಿ. ಹೊಗೆ ನೋಡಿ ಅವ್ವ, ‘ಏನೇ ಇದು, ಮನೆ ಸುಡ್ತೀಯೇನು?’ ಅಂದ್ಲು.

ಅಣ್ಣ ಎದ್ದು ಬಂದ. ‘ಉರಿ ಸಣ್ಣ ಮಾಡು, ಸರಿ ಅತ್ಲಾಗೆ’ ಅಂತ ಲಟ್ಟಣಿಗೆ ಕಿತ್ಕೊಂಡ. ಲಟ್ಟಿಸಿದ ರೊಟ್ಟಿಯನ್ನ ಮೊದಲು ಒಂದು ಮಗ್ಗುಲು ಅರೆಬೇಯಿಸಿ, ತಿರುವಿ, ಆ ಬೆಂದ ಮಗ್ಗುಲಿಗೆ ಎಣ್ಣೆಯಲ್ಲಿ ಕಲಸಿದ ಪುಡಿ ಹಚ್ಚಿ, ಮುಚ್ಚಳ ಹಾಕಿ ಎರಡು ಮೂರು ನಿಮಿಷ ಬಿಟ್ಟ. ಈಗ ನಮ್ಮನೆಯಲ್ಲಿ ಮಾಡೋದು ಹೀಗೇ. ಗುಳಿ ಒತ್ತೋ ಕೆಲಸ ಅವ್ವನದು. ರೊಟ್ಟಿ ತಟ್ಟಿದ ಬೆರಳು, ನಮ್ಮಿಬ್ಬರಿಗಿಂತ ಚೆನ್ನಾಗಿ ಒತ್ತುತ್ತೆ.

ಚೀಸಿನದಕ್ಕೆ ಅಲ್ಲಿ ಅಕ್ಕಾವಿ ಅನ್ನೋ ಉಪ್ಪು ನೀರಿನ ಚೀಸ್. ನಾನು ಅರ್ಧ ಗಂಟೆ ಉಪ್ಪು ನೀರಲ್ಲಿಟ್ಟ ಪನ್ನೀರ್ ಪುಡಿ ಮಾಡಿ, ಅಷ್ಟೇ ಮೊಝರೆಲ್ಲಾ ತುರಿದು ಬೆರೆಸಿದ್ದೆ. ಅದನ್ನ ಅಣ್ಣನ ತಟ್ಟೆಗೆ ಹಾಕಿದೆ. ಸ್ವಲ್ಪ ಹೊತ್ತು ಮುಟ್ಟಲಿಲ್ಲ.

‘ಕೊನೇ ಮೂರು ತಿಂಗಳು ಕಂಪನಿ ಸಂಬಳ ಕೊಡಲಿಲ್ಲ’ ಅಂದ, ತಟ್ಟೆ ನೋಡ್ತಾನೇ. ‘ಬೆಳಗ್ಗೆ ಒಂದು ಜಾತರಿಂದು ತಿಂದ್ರೆ ರಾತ್ರಿವರೆಗೂ ಅದೇ. ಚೀಸಿಂದು ಜಾಸ್ತಿ ರೇಟು.’

ಆ ಮೂರು ತಿಂಗಳೂ ಮನೆಗೆ ದುಡ್ಡು ತಪ್ಪದೆ ಬಂದಿತ್ತು. ನನ್ನ ಸ್ಕೂಟಿ ಕಂತು ಕಟ್ಟಿದ್ದೂ ಅದರಲ್ಲೇ. ‘ಎಲ್ಲಿಂದ ಕಳಿಸಿದ್ಯೋ?’ ಅಂತ ಅವ್ವ ಕೇಳಿದ್ಲು. ‘ಫ್ರೆಂಡ್ಸ್ ಹತ್ರ ಇಸ್ಕೊಂಡಿದ್ದೆ.’ ಅಪ್ಪಾಜಿ ಪೇಪರ್ ಮಡಚಿಟ್ಟು, ‘ಎಷ್ಟು ಕೊಡಬೇಕು ಬರೆದು ಕೊಡು’ ಅಂದ್ರು.

ಅಣ್ಣ ಆ ಸಂಜೆ ಬರೆದು ಕೊಟ್ಟ. ಈಗ ತಿಂಗಳಿಗಿಷ್ಟು ಅಂತ ನಾನು, ಅಪ್ಪಾಜಿ ಇಬ್ಬರೂ ಹಾಕ್ತಿದ್ದೀವಿ. ಅವನು ದಾವಣಗೆರೆಯಲ್ಲಿ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಬಂದಿದ್ದಾನೆ, ಇನ್ನೂ ಫೋನ್ ಬಂದಿಲ್ಲ.

ಉಳಿದ ರೊಟ್ಟಿ ಮಾರನೇ ದಿನ ಗಟ್ಟಿಯಾಗುತ್ತೆ. ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಮುಚ್ಚಿ ಬಿಸಿ ಮಾಡಿದ್ರೆ ಸರಿಹೋಗುತ್ತೆ. ಅಪ್ಪಾಜಿ ಮಾತ್ರ ಅದರ ಮೇಲೂ ಶೇಂಗಾ ಚಟ್ನಿಪುಡಿ ಉದುರಿಸ್ಕೊಂಡೇ ತಿನ್ನೋದು.