ಸಲಕ್ಕಿಷ್ಟು ಎಂಬ ಲೆಕ್ಕ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ: ‘ಕರೆಂಟು ಎಷ್ಟು ಸಲ ಕೊಡಬೇಕಂತೆ?’ ಪ್ರೋಟಾನ್ ಎಂಬ ದುಬಾರಿ ವಿಕಿರಣ ವಿಧಾನದ ಬಗ್ಗೆ ಅಮೆರಿಕದಲ್ಲಿ ನಡೆದಿರುವ ಜಗಳದ ಬುಡದಲ್ಲಿ ಇರುವುದೂ ಇದೇ ಪ್ರಶ್ನೆ. ಅದನ್ನು ಅಲ್ಲಿನ ಸರ್ಕಾರ ಗಟ್ಟಿಯಾಗಿ ಕೇಳಲಿಲ್ಲ ಎಂಬುದು ನನ್ನ ಆಕ್ಷೇಪ.

1990ರಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾದಲ್ಲಿ ಆಸ್ಪತ್ರೆಯೊಳಗೇ ಪ್ರೋಟಾನ್ ಚಿಕಿತ್ಸೆ ಶುರುವಾಯಿತು. ಎಕ್ಸ್‌ರೇ ಕಿರಣ ಗಡ್ಡೆಯನ್ನು ದಾಟಿ ಮೈಯ ಆಚೆ ಬದಿಗೆ ಹೊರಬೀಳುತ್ತದೆ. ಪ್ರೋಟಾನ್ ಗೊತ್ತುಮಾಡಿದ ಆಳದಲ್ಲೇ ನಿಲ್ಲುತ್ತದೆ. ಎಳೆಯ ಮಗುವಿನ ಮಿದುಳಿನ ಗಡ್ಡೆಗೆ ಇದು ದೊಡ್ಡ ವರ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹತ್ತು ಕೋಟಿ ಡಾಲರ್ ದಾಟುವ ಕೇಂದ್ರಗಳ ಸಾಲ ಅಂಥ ಮಕ್ಕಳ ಚಿಕಿತ್ಸೆಯಿಂದ ತೀರುವುದಿಲ್ಲ. ಪ್ರಾಸ್ಟೇಟ್ ರೋಗಿಗಳು ಬಹಳ; ಹೆಚ್ಚಿನವರು 65 ದಾಟಿ, ಸರ್ಕಾರದ ಮೆಡಿಕೇರ್ ವಿಮೆ ಉಳ್ಳವರು.

2008 ಮತ್ತು 2009ರ ಮೆಡಿಕೇರ್ ದಾಖಲೆಗಳನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಜಾಲಾಡಿದರು. ಪ್ರೋಟಾನ್‌ಗೆ ಸರ್ಕಾರ ತೆತ್ತ ಮೊತ್ತದ ಮಧ್ಯಾಂಕ 32,428 ಡಾಲರ್, ಐಎಂಆರ್‌ಟಿ ಎಂಬ ಎಕ್ಸ್‌ರೇ ವಿಧಾನಕ್ಕೆ 18,575. ಆರನೆಯ ತಿಂಗಳಲ್ಲಿ ಪ್ರೋಟಾನ್ ಪಡೆದವರಿಗೆ ಮೂತ್ರದ ತೊಂದರೆ ಕೊಂಚ ಕಡಿಮೆಯಿತ್ತು. ವರ್ಷ ತುಂಬುವಷ್ಟರಲ್ಲಿ ಆ ಅಂತರವೂ ಅಳಿಸಿಹೋಗಿತ್ತು.

ಬರೀ ದಾಖಲೆ ನೋಡಿ ತೀರ್ಪು ಕೊಡಬೇಡಿ ಎಂದರು ಪ್ರೋಟಾನ್ ಪರದವರು. ನ್ಯಾಯವಾದ ಮಾತೇ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, 450 ಜನರ ಮೇಲೆ ನಡೆಸಿದ ಪಾರ್ಟಿಕಾಲ್ ಪ್ರಯೋಗದ ಫಲ 2024ರಲ್ಲಿ ಬಂತು. ಎರಡು ವರ್ಷದ ಬಳಿಕ ಕರುಳಿನ ತೊಂದರೆಯಲ್ಲಿ ವ್ಯತ್ಯಾಸವಿಲ್ಲ. ಐದು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ಇದ್ದವರು ಪ್ರೋಟಾನ್‌ನಲ್ಲಿ ಶೇ. 93.4, ಐಎಂಆರ್‌ಟಿಯಲ್ಲಿ ಶೇ. 93.7. ಇಷ್ಟಾದ ಮೇಲೂ ಪ್ರಾಸ್ಟೇಟ್‌ಗೆ ಪ್ರೋಟಾನ್ ಎಂದು ಸಾರ್ವಜನಿಕ ಹಣದಲ್ಲಿ ಒಂದು ಡಾಲರ್ ಹೆಚ್ಚು ಕೊಡುವುದೂ ತಪ್ಪು. ಫಲ ಒಂದೇ ಆದರೆ ಬೆಲೆಯೂ ಒಂದೇ ಇರಲಿ ಎಂದು ಆರೋಗ್ಯ ನೀತಿ ತಜ್ಞರಾದ ಸ್ಟೀವನ್ ಪಿಯರ್ಸನ್ ಮತ್ತು ಪೀಟರ್ ಬಾಕ್ 2010ರಲ್ಲೇ ವಾದಿಸಿದ್ದರು.

ಪ್ರೋಟಾನ್ ಒಂದನ್ನೇ ದೂರಿದರೆ ಅರ್ಧ ಸತ್ಯವಷ್ಟೇ ಹೇಳಿದಂತೆ. ಮೆಡಿಕೇರ್ ಸಲಕ್ಕಿಷ್ಟು ಎಂದು ಹಣ ಕೊಡುತ್ತದೆ. ಸಲ ಕಡಿಮೆ ಮಾಡಿದ ಆಸ್ಪತ್ರೆಗೆ ಆದಾಯ ಖೋತಾ. ಬ್ರಿಟನ್ನಿನ ಮುಂದಾಳತ್ವದಲ್ಲಿ 3,216 ಗಂಡಸರ ಮೇಲೆ ನಡೆದ ಚಿಪ್ ಪ್ರಯೋಗ, 37 ಸಲದ ಕೆಲಸ 20ರಲ್ಲಿ ಆಗುತ್ತದೆಂದು 2016ರಲ್ಲಿ ತೋರಿಸಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ದಾರಿ ಬದಲಿಸಿದವು. 2024ರಲ್ಲಿ ಪೇಸ್-ಬಿ ಪ್ರಯೋಗ ಅದನ್ನು ಐದಕ್ಕಿಳಿಸಿತು: ಕಡಿಮೆ ಅಥವಾ ಮಧ್ಯಮ ಅಪಾಯದ 874 ಜನರಲ್ಲಿ, ಐದು ವರ್ಷ ರೋಗ ಮರುಕಳಿಸದೆ ಇದ್ದವರು ಐದು ಸಲದ ಗುಂಪಿನಲ್ಲಿ ಶೇ. 95.8, ಹೆಚ್ಚು ಸಲದ ಗುಂಪಿನಲ್ಲಿ ಶೇ. 94.6. ಇದಕ್ಕೂ ಬೆಲೆಯುಂಟು, ಮುಚ್ಚಿಡಬಾರದು. ಐದು ವರ್ಷದೊಳಗೆ ಯಾವಾಗಲಾದರೂ ಗಮನಾರ್ಹ ಮೂತ್ರದ ತೊಂದರೆ ಕಂಡವರು ಐದು ಸಲದ ಗುಂಪಿನಲ್ಲಿ ಶೇ. 26.9, ಇನ್ನೊಂದು ಗುಂಪಿನಲ್ಲಿ ಶೇ. 18.3. ಈ ಅಂಕಿಗಳನ್ನು ರೋಗಿಯ ಮುಂದಿಟ್ಟು ಅವನ ಆಯ್ಕೆಗೇ ಬಿಡಬೇಕು.

ಸಲಕ್ಕಿಷ್ಟು ಎಂಬ ಈ ಪದ್ಧತಿಯನ್ನು ಸರಿಪಡಿಸಲು ಮೆಡಿಕೇರ್ ಒಂದು ಯೋಜನೆ ಮಾಡಿತ್ತು. 90 ದಿನದ ಚಿಕಿತ್ಸೆಗೆ ಒಟ್ಟು ಇಷ್ಟು ಎಂದು ಮೊದಲೇ ನಿಗದಿ. ಸಲ ಎಷ್ಟಾದರೂ, ಯಂತ್ರ ಯಾವುದಾದರೂ. 2020ರಲ್ಲಿ ಅದು ಅಂತಿಮಗೊಂಡಿತು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಮತ್ತೆ ಮತ್ತೆ ಮುಂದೂಡಿತು, 2022ರಲ್ಲಿ ಅನಿರ್ದಿಷ್ಟಾವಧಿಗೆ ಮೂಲೆಗೆ ಬಿತ್ತು. ಆ ಯೋಜನೆಯ ದರಗಳಲ್ಲಿ ಲೋಪವಿದ್ದರೆ ತಿದ್ದಲಿ. ತತ್ವವನ್ನು ಕೈಬಿಟ್ಟಿದ್ದಕ್ಕೆ ಕ್ಷಮೆಯಿಲ್ಲ.

ಪ್ರೋಟಾನ್ 2019ರಲ್ಲಿ ಚೆನ್ನೈಗೂ ಆಮೇಲೆ ನವಿ ಮುಂಬೈಗೂ ಬಂದಿದೆ. ಆದರೆ ಯಂತ್ರ ಯಾವುದೇ ಇರಲಿ, ನಮ್ಮ ರೋಗಿಗೂ ಭಾರವಾಗುವುದು ಸಲದ ಲೆಕ್ಕವೇ. ಬೀದರಿನಿಂದ ಬೆಂಗಳೂರಿಗೆ ಬಂದು, ವಾರಕ್ಕೆ ಐದರಂತೆ 37 ಸಲ ಕರೆಂಟು ಹಿಡಿಸಿಕೊಳ್ಳುವ ರೈತ ಏಳೂವರೆ ವಾರ ಬಾಡಿಗೆ ಕೋಣೆಯಲ್ಲಿರಬೇಕು, ಜೊತೆಗೊಬ್ಬ ಮಗ ಕೆಲಸ ಬಿಟ್ಟು. ಐದು ಸಲವಾದರೆ ಒಂದೆರಡು ವಾರದಲ್ಲಿ ಊರಿನ ಬಸ್ಸು ಹತ್ತುತ್ತಾನೆ.