ಚಳಿಗಾಲದಲ್ಲಿ ಆರಿಸಿರಿ, ಮಳೆಗಾಲದಲ್ಲಿ ನೆಡಿರಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಗ್ರಾಮಪ್ರಮುಖರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಪ್ರತಿವರ್ಷವೂ ಮಳೆಗಾಲದ ಆರಂಭಕ್ಕೆ ಚಾವಡಿ, ಶಾಲೆ, ಗುಡಿ, ಮನೆಯಂಗಳಗಳಲ್ಲಿ ಉತ್ಸಾಹದಿಂದ ಸಸಿಗಳನ್ನು ನೆಡುತ್ತೇವೆ. ಆಷಾಢದ ಮೋಡದ ಕೆಳಗೆ ಎಲ್ಲ ಗಿಡಗಳೂ ಹಸುರಾಗಿಯೇ ಕಾಣುವವು. ಮಾಘಮಾಸವು ಬರುವಷ್ಟರಲ್ಲಿ ಅವುಗಳಲ್ಲಿ ಎಷ್ಟೋ ಒಣಗಿಹೋಗಿ, ಉಳಿದವು ಬೋಳಾಗಿ ನಿಲ್ಲುವವು. ಇದಕ್ಕೆಲ್ಲ ನೀರಿನ ಕೊರತೆಯೇ ಕಾರಣವೆಂದು ಹೇಳುವ ರೂಢಿ ಉಂಟು. ನಮ್ಮ ಅಭಿಪ್ರಾಯದಲ್ಲಿ ಆಯ್ಕೆಯ ತಪ್ಪೇ ಮೊದಲನೆಯ ಕಾರಣವು. ಗಿಡವನ್ನು ನೆಡುವ ಕಾಲ ಮಳೆಗಾಲವಾದರೂ, ಅದನ್ನು ಆರಿಸುವ ಕಾಲ ಚಳಿಗಾಲವೇ ಸರಿ.

ಹಿಮ ಬೀಳುವ ಪಾಶ್ಚಾತ್ಯ ದೇಶಗಳಲ್ಲಿ ಶೀತಕ್ಕೆ ಗಿಡಗಳು ಎಲೆ ಕಳೆದುಕೊಳ್ಳುವದರಿಂದ ಅಲ್ಲಿಯವರು ಚಳಿಗಾಲದ ಶೋಭೆಗಾಗಿ ನಿತ್ಯಹಸುರಿನ ಜಾತಿಗಳನ್ನು ಹುಡುಕುವರು. ನಮ್ಮಲ್ಲಿ ಎಲೆ ಉದುರಿಸುವದು ಶೀತವಲ್ಲ, ಒಣಹವೆ. ಹಿಂಗಾರಿಯ ಮಳೆ ನಿಂತ ಮೇಲೆ ಭೂಮಿಯ ಹಸಿಯು ದಿನದಿನಕ್ಕೆ ಕಡಿಮೆಯಾಗುವದು. ಆಗ ಬೇರು ಆಳಕ್ಕಿಳಿಯದ ಗಿಡವು ತನ್ನ ಜೀವವನ್ನುಳಿಸಿಕೊಳ್ಳಲು ಎಲೆಯನ್ನು ಬಿಡುವದು. ಆದುದರಿಂದ ಪರದೇಶದ ಪಟ್ಟಿಯು ನಮಗೆ ಉಪಯೋಗವಿಲ್ಲ. ನಮ್ಮ ಪಟ್ಟಿಯು ನಮ್ಮ ಊರ ಸೀಮೆಯಲ್ಲಿಯೇ ಇದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಯಾರೂ ನೀರು ಹಾಕದೆ ಹಸುರಾಗಿರುವ ಗಿಡಗಳು ಯಾವವೆಂಬುದನ್ನು ನೋಡಿ ಗುರುತಿಡಿರಿ. ತಿಂಗಳೆರಡು ಕಳೆದ ಮೇಲೆ ಅವುಗಳನ್ನೇ ಮತ್ತೊಮ್ಮೆ ನೋಡಿರಿ. ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದ ಗಿಡವೇ ನಿಮ್ಮ ಅಂಗಳಕ್ಕೆ ಯೋಗ್ಯವಾದದ್ದು.

ಹುಣಸೆ, ಮಾವು, ನೇರಳೆ, ಬಕುಳ ಇವು ಚಳಿಗಾಲದುದ್ದಕ್ಕೂ ಎಲೆ ಹೊತ್ತಿರುವವು. ಬೇವು, ಹೊಂಗೆಗಳು ಬೇಸಿಗೆಯ ಬಾಗಿಲಲ್ಲಿ ಎಲೆ ಉದುರಿಸಿದರೂ ಬೇಗನೆ ಚಿಗುರುವವು; ಯುಗಾದಿಗೆ ಬೇವು ಹೂವಿನೊಡನೆ ನಿಂತಿರುವದನ್ನು ಎಲ್ಲರೂ ಬಲ್ಲರು. ಎಲೆ ಉದುರುವದೆಲ್ಲ ದೋಷವೆಂದೂ ಎಣಿಸಲಾಗದು. ಮಡ್ಡಿಯ ಅಂಚಿನ ಮುತ್ತುಗವು ಬೋಳಾದ ಕೊಂಬೆಗಳಲ್ಲಿಯೇ ಕೆಂಡದಂಥ ಹೂಗಳನ್ನು ತಳೆಯುವಾಗ ಅದಕ್ಕಿಂತ ಹೆಚ್ಚಿನ ಶೋಭೆ ಯಾವ ತೋಟಕ್ಕುಂಟು?

ಆದರೆ ಒಂದೇ ಜಾತಿಯು ಮೂರೂ ತಾಲೂಕುಗಳಿಗೆ ಹೊಂದುವದಿಲ್ಲ. ಗೋಕಾಕವೂ ಅದರಿಂದ ಬೇರ್ಪಟ್ಟ ಮೂಡಲಗಿಯೂ ಉತ್ತರದ ಒಣವಲಯಕ್ಕೆ ಸೇರಿದವು; ಹುಕ್ಕೇರಿಯು ಉತ್ತರದ ಪರಿವರ್ತನ ವಲಯದಲ್ಲಿರುವದು. ಘಟಪ್ರಭೆಯ ಕಾಲುವೆಯ ನೀರುಂಡು ಸದಾ ತೇವವಾಗಿರುವ ಎರೆಭೂಮಿಯಲ್ಲಿ ಬೇವು ಬಾಳದು, ಏಕೆಂದರೆ ಬುಡದಲ್ಲಿ ನಿಂತ ನೀರನ್ನು ಅದು ಸಹಿಸುವದಿಲ್ಲ. ಅಲ್ಲಿ ಹೊಂಗೆ, ನೇರಳೆಗಳೇ ಲೇಸು. ಹೊಂಗೆಯು ಸ್ವಲ್ಪ ಸವುಳನ್ನೂ ತಾಳಿಕೊಳ್ಳುವದು. ನೀರು ಕಾಣದ ಮಡ್ಡಿ, ಮಸಾರಿಗಳಲ್ಲಿ ಬೇವು, ಹುಣಸೆ, ಬನ್ನಿಗಳನ್ನು ಹಾಕತಕ್ಕದ್ದು. ಮಳೆ ಹೆಚ್ಚಾಗಿ ಬೀಳುವ ಹುಕ್ಕೇರಿಯ ಪಡುವಣ ಹಳ್ಳಿಗಳಲ್ಲಿ, ನೀರು ಬಸಿದುಹೋಗುವ ನೆಲವಿದ್ದರೆ, ಮಾವನ್ನೂ ಬಕುಳವನ್ನೂ ಧೈರ್ಯದಿಂದ ಬೆಳೆಸಬಹುದು. ಎಲ್ಲಿಯಾದರೂ ಒಂದೇ ಜಾತಿಯನ್ನು ಸಾಲಾಗಿ ನೆಡುವದು ಬೇಡ. ಈಚಿನ ವರ್ಷಗಳಲ್ಲಿ ಕರ್ನಾಟಕ, ತೆಲಂಗಾಣಗಳಲ್ಲಿ ಬೇವಿನ ಕುಡಿಗಳು ರೋಗದಿಂದ ಒಣಗಿದ್ದನ್ನು ಕಂಡಿದ್ದೇವೆ. ಬೆರಕೆಯಾಗಿ ನೆಟ್ಟಲ್ಲಿ ಒಂದು ಕೆಟ್ಟರೂ ಮತ್ತೊಂದು ಉಳಿಯುವದು.

ಇನ್ನು ಸ್ಥಳದ ವಿಚಾರ. ಡಿಸೆಂಬರ ತಿಂಗಳ ಕೊನೆಯಲ್ಲಿ ನಮ್ಮ ಸೀಮೆಯಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ತೆಂಕಣಕ್ಕೆ ಸುಮಾರು 40 ಅಂಶ ಬಾಗಿರುವನು. ಆಗ 30 ಅಡಿ ಎತ್ತರದ ಗಿಡದ ನೆರಳು ಬಡಗಣಕ್ಕೆ ಸುಮಾರು 25 ಅಡಿ ಚಾಚುವದು. ಮನೆಯ ತೆಂಕಣದಲ್ಲಿ ದಟ್ಟವಾದ ಗಿಡವನ್ನು ನೆಟ್ಟವನು ಚಳಿಗಾಲದ ಎಳೆಬಿಸಿಲನ್ನು ತಾನೇ ಕಳೆದುಕೊಳ್ಳುವನು. ಆದುದರಿಂದ ನಿತ್ಯಹಸುರಿನ ದೊಡ್ಡ ಗಿಡಗಳನ್ನು ಪಡುವಣ ದಿಕ್ಕಿಗೆ ಹಾಕಿದರೆ ವೈಶಾಖದ ಮಧ್ಯಾಹ್ನದ ಉರಿಬಿಸಿಲು ತಡೆಯಲ್ಪಡುವದು. ಮೂಡಣ, ತೆಂಕಣಗಳಲ್ಲಿ ನಿಂಬೆ, ದಾಳಿಂಬೆ, ವಿರಳ ನೆರಳಿನ ನುಗ್ಗೆ, ಹೂಗಿಡಗಳು ಸಾಕು. ಹೊಲದಲ್ಲಿಯೂ ಇದೇ ಲೆಕ್ಕವು. ತೆಂಕಣ ಬದುವಿನ ಗಿಡವು ಹಿಂಗಾರಿಯ ಜೋಳ, ಕಡಲೆಗಳ ಮೇಲೆ ನೆರಳು ಚೆಲ್ಲುವದು. ಬಡಗಣ ಬದುವಿನದು ನಿಮ್ಮ ಪೈರಿಗೆ ಬಾಧಕವಾಗದು. ಆ ಬದುವಿನಾಚೆ ಹಾದಿಯೋ ಹಳ್ಳವೋ ಇದ್ದರೆ ಸರಿ. ನೆರೆಯವನ ಹೊಲವಿದ್ದರೆ ಅವನ ಒಪ್ಪಿಗೆ ಪಡೆಯುವದು ನ್ಯಾಯವು.

ಹೂಗಳಲ್ಲಿ ಸೇವಂತಿಗೆಯು ಚಳಿಗಾಲದ ರಾಣಿ. ಹಗಲು ಕಿರಿದಾದಂತೆ ಅದು ಮೊಗ್ಗು ಹಿಡಿಯುವದು. ಆಷಾಢದೊಳಗೆ ಕಂದುಗಳನ್ನು ನೆಟ್ಟು, ತಿಂಗಳ ಮೇಲೆ ಕುಡಿ ಚಿವುಟಿದರೆ ಗಿಡವು ಕವಲೊಡೆದು ಹೆಚ್ಚು ಹೂ ಕೊಡುವದು. ಚೆಂಡುಹೂ, ಸ್ಫಟಿಕಗಳೂ ಈ ಕಾಲಕ್ಕೆ ಹೊಂದುವವು. ಕಣಗಿಲೆಯು ಬರವನ್ನು ಸಹಿಸುವದೇನೋ ನಿಜ. ಆದರೆ ಅದರ ಎಲೆಯು ದನಕರುಗಳಿಗೂ ಮಕ್ಕಳಿಗೂ ವಿಷವಾದುದರಿಂದ ಗೋದಲಿಯ ಬಳಿಗೂ ಶಾಲೆಯಂಗಳಕ್ಕೂ ಸಲ್ಲದು.

ಬೇಗನೆ ಹಸುರು ಕಾಣಬೇಕೆಂಬ ಆತುರದಿಂದ ಪಟ್ಟಣದ ಮಾದರಿಯನ್ನು ಅನುಸರಿಸುವವರಿಗೆ ಒಂದು ಎಚ್ಚರಿಕೆ. ನೀಲಗಿರಿಯೂ ವರ್ಷವೆಲ್ಲ ಹಸುರೇ. ಅಂತರ್ಜಲಕ್ಕೆ ಹಾನಿಯೆಂದು ಕರ್ನಾಟಕ ಸರಕಾರವು 2017ರಲ್ಲಿ ಅದನ್ನು ನೆಡುವದನ್ನು ನಿಷೇಧಿಸಿತು. ಅಮೇರಿಕೆಯ ಕಡಲಂಚಿನ ಕೋನೋಕಾರ್ಪಸ್ ಎಂಬ ಗಿಡವೂ ಬೇಗ ಬೆಳೆದು ಗೋಡೆಯಂತೆ ನಿಲ್ಲುವದು. ಅದನ್ನು ಗುಜರಾತವು 2023ರಲ್ಲಿ ನಿಷೇಧಿಸಿತು. ಹಸುರಾಗಿದ್ದ ಮಾತ್ರಕ್ಕೆ ಗಿಡವು ಹಿತಕರವಾಗದು. ಹಕ್ಕಿಗೆ ಹಣ್ಣು, ಜೇನಿಗೆ ಹೂ, ದಾರಿಕಾರನಿಗೆ ನೆರಳು, ಭೂಮಿಗೆ ತರಗು ಇವುಗಳಲ್ಲಿ ಏನನ್ನಾದರೂ ಕೊಡುವ ಹಸುರೇ ನಮಗೆ ಬೇಕಾದದ್ದು.

ಕಬ್ಬು ಬೆಳೆಯುವ ಭೂಮಿಯಲ್ಲಿ ಗಿಡಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳುವರು. ಕಬ್ಬಿನ ಗುಂಟೆಯನ್ನು ನಾವು ಬೇಡುವದಿಲ್ಲ. ಚಾವಡಿ, ಸುಡುಗಾಡು, ಕೆರೆಯ ಏರಿ, ಕಣದ ಮಗ್ಗುಲು, ಹಿತ್ತಲ ಮೂಲೆ, ಇಷ್ಟೇ ಸಾಕು. ಖರ್ಚೂ ಅಲ್ಪ. ನೀವು ಗುರುತಿಟ್ಟ ಬೇವಿನ ಹಣ್ಣು ಜ್ಯೇಷ್ಠ–ಆಷಾಢಗಳಲ್ಲಿ ಉದುರುವದು; ಬೇವಿನ ಬೀಜವು ಮೊಳೆಯುವ ಶಕ್ತಿಯನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುವದರಿಂದ ಅದನ್ನೂ, ನೇರಳೆಯ ಬೀಜವನ್ನೂ ಕೂಡಲೇ ಮಡಿಯಲ್ಲಿ ಬಿತ್ತಿ ಮರುವರ್ಷದ ಮೊದಲ ಮಳೆಗೆ ನಾಟಿ ಮಾಡತಕ್ಕದ್ದು. ಮೊದಲೆರಡು ಬೇಸಿಗೆಗಳಲ್ಲಿ ಬುಡಕ್ಕೆ ತರಗಿನ ಹೊದಿಕೆ, ವಾರಕ್ಕೊಮ್ಮೆ ಒಂದೆರಡು ಕೊಡ ನೀರು, ದನಗಳ ಬಾಯಿಗೆ ಸಿಕ್ಕದಂತೆ ಮುಳ್ಳಿನ ಬೇಲಿ ಇವುಗಳನ್ನು ಮಾತ್ರ ಮರೆಯಬಾರದು. ಸಂದೇಹವಿದ್ದವರು ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ಪಂಡಿತರನ್ನು ವಿಚಾರಿಸಬಹುದು.

ನಮ್ಮ ಹಿರಿಯರು ನೆಟ್ಟ ಹುಣಸೆಯ ನೆರಳಿನಲ್ಲಿ ಇಂದಿಗೂ ಊರ ನ್ಯಾಯ ನಡೆಯುವದುಂಟು. ಅವರು ಸಮಾರಂಭ ಮಾಡಲಿಲ್ಲ. ನೆಲವನ್ನು ನೋಡಿ ಗಿಡವನ್ನು ಆರಿಸಿದರು. ಊರ ಪ್ರಮುಖರು ಈ ಮಾಘದಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಸೀಮೆಯನ್ನೊಮ್ಮೆ ಸುತ್ತಿ, ಹಸುರುಳಿದ ಗಿಡಗಳ ಯಾದಿಯನ್ನು ಬರೆದು ಪಂಚಾಯತಿಯಲ್ಲಿ ಇಡಲಿ. ಬರುವ ಮಳೆಗಾಲಕ್ಕೆ ಸಸಿ ತರುವಾಗ ಆ ಯಾದಿಯೇ ಪ್ರಮಾಣವಾಗಲಿ.